ಬೊಂಬೆ ಮನೆಗಳಲ್ಲಿ ಗೆದ್ದ ಚುನಾವಣೆ

ಆ ವರ್ಷ ನ್ಯೂಜೆರ್ಸಿಯಲ್ಲಿ ರಾಜ್ಯ ಸೆನೆಟ್ ಚುನಾವಣೆ. ನಾನು ಒಂದು ಪಕ್ಷದ ಕೌಂಟಿ ಕಚೇರಿಯಲ್ಲಿ ಫೀಲ್ಡ್ ಡೈರೆಕ್ಟರ್. ಮನೆಮನೆಗೆ ಕಾರ್ಯಕರ್ತರನ್ನು ಕಳಿಸಿ ಮತ ಕೇಳಿಸುವುದು ನನ್ನ ಕೆಲಸ. ಪಕ್ಷದ ಹೆಸರು ಹೇಳುವುದಿಲ್ಲ. ಹೇಳಿದರೆ ಅವರಿಗೆ ಪುಕ್ಕಟೆ ಪ್ರಚಾರ.

ಇಲ್ಲಿನ ಮತಪತ್ರದಲ್ಲಿ ಅಭ್ಯರ್ಥಿಗಳ ಜೊತೆ ಕೆಲವೊಮ್ಮೆ ಒಂದು ಪ್ರಶ್ನೆಯೂ ಇರುತ್ತದೆ. ‘ಹೌದು’ ಅಥವಾ ‘ಇಲ್ಲ’ ಎಂದು ಮತದಾರರೇ ತೀರ್ಮಾನಿಸಬೇಕು. ಇದೇ ಬ್ಯಾಲಟ್ ಮೆಷರ್. ಪಕ್ಷಗಳಿಗೆ ಇದು ಗಾಳದ ಹುಳು. ಪ್ರಶ್ನೆಗಾಗಿ ಬಂದವರು ಅಭ್ಯರ್ಥಿಗೂ ಓಟು ಹಾಕಿಯೇ ಹೋಗುತ್ತಾರೆ.

ನಮ್ಮ ಟೌನ್‌ಶಿಪ್‌ನಲ್ಲಿ ಆಗ ಕಿಂಡರ್‌ಗಾರ್ಟನ್ ಅರ್ಧ ದಿನ ಮಾತ್ರ. ಅದನ್ನು ಪೂರ್ತಿ ದಿನ ಮಾಡಲು ತೆರಿಗೆ ಏರಿಸಬಹುದೇ ಎಂಬ ಪ್ರಶ್ನೆಯನ್ನು ನಮ್ಮ ಪಕ್ಷದ ಚೇರ್ಮನ್, ಶಾಲಾ ಮಂಡಳಿಯಲ್ಲಿದ್ದ ತನ್ನವರಿಂದ, ನವೆಂಬರ್ ಮತಪತ್ರಕ್ಕೇ ಹಾಕಿಸಿದ. ಮಕ್ಕಳ ಮೇಲಿನ ಪ್ರೀತಿಯಿಂದಲ್ಲ. ತೆರಿಗೆ ಎಂದರೆ ಉರಿದುಬೀಳುವ ಹಿರಿಯ ಮನೆಮಾಲೀಕರು ‘ಇಲ್ಲ’ ಎನ್ನಲು ಬರುತ್ತಾರೆ, ಬಂದವರು ತೆರಿಗೆ ವಿರೋಧಿಯಾದ ತನ್ನ ಸೆನೆಟರ್‌ನನ್ನೂ ಗೆಲ್ಲಿಸುತ್ತಾರೆ ಎಂಬ ಎಣಿಕೆ.

“ಅಪಾರ್ಟ್‌ಮೆಂಟುಗಳಲ್ಲಿರುವ ನಮ್ಮ ಭಾರತೀಯ ತಾಯಂದಿರು ‘ಹೌದು’ ಎನ್ನಲು ಬಂದರೆ?” ಎಂದು ಕೇಳಿದೆ.

ಮೀಟಿಂಗಿನಲ್ಲಿ ಎಲ್ಲರೆದುರು ಆತ ನಕ್ಕ. “ನಿಮ್ಮ ಜನ ಬಾಗಿಲೇ ತೆಗೆಯುವುದಿಲ್ಲ, ಓಟು ಹಾಕಲು ಬರುತ್ತಾರೆಯೇ? ನೀನು ದೀಪಾವಳಿ ಪಾರ್ಟಿ ನೋಡಿಕೋ.”

ಮರುವಾರ ನನ್ನ ಕುರ್ಚಿಯಲ್ಲಿ ಅವನ ಅಳಿಯ ಕೂತಿದ್ದ. ಸೀದಾ ಹೋಗಿ ಎದುರಾಳಿ ಅಭ್ಯರ್ಥಿಯ ಕಚೇರಿ ಸೇರಿದೆ. ಆಕೆಯ ಮೇಲೆ ಭಕ್ತಿಯೇನೂ ಇರಲಿಲ್ಲ. ಚೇರ್ಮನ್‌ನ ಸೊಕ್ಕು ಮುರಿಯಬೇಕಿತ್ತು, ಅಷ್ಟೇ.

ಆದರೆ ಬಾಗಿಲ ವಿಷಯದಲ್ಲಿ ಆತ ಹೇಳಿದ್ದು ಸುಳ್ಳಲ್ಲ. ಹೊಸ ಕಚೇರಿಯ ಕಾರ್ಯಕರ್ತರೂ ನಮ್ಮವರ ಮನೆಗಳಿಂದ ಬರಿಗೈಯಲ್ಲಿ ವಾಪಸಾಗುತ್ತಿದ್ದರು. ಅಷ್ಟರಲ್ಲಿ ನವರಾತ್ರಿ ಬಂತು. ಬೊಂಬೆ ಕೂರಿಸಿದ ಮನೆಗೆ ಬಂದ ಹೆಂಗಸನ್ನು ಯಾರೂ ಹೊರಗೆ ನಿಲ್ಲಿಸುವುದಿಲ್ಲ. ಕರಪತ್ರಗಳನ್ನು ಕಾರಿನಲ್ಲೇ ಬಿಟ್ಟು, ಸೀರೆ ಉಟ್ಟು ಹೊರಟೆ.

“ಬೆಲ್ ಆದ್ರೆ ಸೇಲ್ಸ್‌ನೋರು ಅಂತ ನಾವು ಬಾಗ್ಲೇ ತೆಗೆಯಲ್ಲ ಕಣ್ರೀ,” ಎಂದಳು ಮೈಸೂರಿನ ಸುಮಾ, ಅರಿಶಿನ ಕುಂಕುಮ ಕೊಡುತ್ತ. “ಸಿಟಿಜನ್‌ಶಿಪ್ ಬಂದು ಎಷ್ಟೋ ವರ್ಷ ಆಯ್ತು, ಓಟ್ ಹಾಕಿ ಅಂತ ಯಾರೂ ಕೇಳೇ ಇಲ್ಲ.”

ಮಗಳನ್ನು ಶಾಲೆಯಿಂದ ಕರೆತರಲು ಅವಳು ದಿನವೂ ಮಧ್ಯಾಹ್ನ ಆಫೀಸಿನಿಂದ ಓಡಿಬರುತ್ತಿದ್ದಳು. ಮ್ಯಾನೇಜರ್ ಆಗಲೇ ಎಚ್ಚರಿಕೆ ಕೊಟ್ಟಿದ್ದ. ಪ್ರಶ್ನೆಯ ವಿಷಯ ಹೇಳಿದೆ. ಅದನ್ನು ವಿರೋಧಿಸುತ್ತಿರುವ ಸೆನೆಟರ್ ಯಾರೆಂದೂ ಬಿಡಿಸಿ ಹೇಳಿದೆ.

“ಇದು ಪಾಸಾದ್ರೆ ನನ್ ಜಾಬ್ ಉಳಿಯುತ್ತೆ,” ಎಂದು ಸುಮಾ ಎದ್ದಳು. “ಬನ್ನಿ, ಪಕ್ಕದ ಬಿಲ್ಡಿಂಗ್‌ನಲ್ಲೂ ಬೊಂಬೆ ಇಟ್ಟಿದಾರೆ.”

ಹಬ್ಬ ಮುಗಿಯುವವರೆಗೆ ನಾವಿಬ್ಬರೂ ಮನೆಮನೆಯ ಗುಗ್ಗರಿ ತಿಂದೆವು. ಚೇರ್ಮನ್ ಕಡೆಯವರಿಗೆ ಇದರ ಸುಳಿವೇ ಸಿಗಲಿಲ್ಲ. ಮತದಾನದ ದಿನ ಅವನ ಎಣಿಕೆಯಂತೆ ಹಿರಿಯರು ಬಂದರು. ಅವರ ಹಿಂದೆ ಮಕ್ಕಳ ಸ್ಟ್ರಾಲರ್ ತಳ್ಳಿಕೊಂಡು ನಮ್ಮ ಹೆಂಗಸರ ಸಾಲು ಪಾರ್ಕಿಂಗ್ ಲಾಟ್‌ವರೆಗೂ ಬೆಳೆಯಿತು.

ಫಲಿತಾಂಶದ ಹೊತ್ತಿಗೆ ಸುಮಾ ಫೋನ್ ಮಾಡಿ ಅತ್ತೇಬಿಟ್ಟಳು. “ಪಾಸಾಯ್ತು ಕಣ್ರೀ, ಫುಲ್ ಡೇ ಪಾಸಾಯ್ತು!”

“ಅದಿರ್ಲಿ, ಸೆನೆಟರ್ ಸೋತ್ನಾ?” ಎಂದೆ.

ಸೋತಿದ್ದ. ಕೆಲ ವಾರಗಳಲ್ಲಿ ಪಕ್ಷದ ಸಮಿತಿ ಚೇರ್ಮನ್‌ನನ್ನೂ ಇಳಿಸಿತು. ಹೊರಗಿನವರಿಗೂ ತೆರೆದಿದ್ದ ಆ ಸಭೆಗೆ ರೇಷ್ಮೆ ಸೀರೆ ಉಟ್ಟು ಹೋಗಿ, ಅವನ ಕಣ್ಣಿಗೆ ಬೀಳುವ ಹಾಗೆ ಮುಂದಿನ ಸಾಲಿನಲ್ಲಿ ಕೂತೆ.

ಪ್ರಶ್ನೆಯನ್ನು ಮತಪತ್ರಕ್ಕೆ ಹಾಕಿಸುವವರು, ಅದರ ಉತ್ತರ ಯಾರ ಹೊಟ್ಟೆಪಾಡು ಎಂದು ಮೊದಲು ವಿಚಾರಿಸಬೇಕು. ನನ್ನ ಕೆಲಸ ಕಲಿಸಿದ್ದು ಇಷ್ಟೇ. ಇದನ್ನು ಅವನಿಗೆ ನಾನು ಮೊದಲೇ ಹೇಳಿದ್ದೆ, ಅವನದೇ ಮೀಟಿಂಗಿನಲ್ಲಿ, ಅವನೇ ಕೊಡುತ್ತಿದ್ದ ಸಂಬಳಕ್ಕೆ.