ಹಿಂತಿರುಗುವ ವಿಳಾಸದಲ್ಲಿ ದೇವಬಾಗ

ಆ ಸಂಖ್ಯೆಯನ್ನು ನಾನು ಎಲ್ಲರಂತೆ ಎಡದಿಂದ ಓದಿದ್ದೆ, ಅವಳು ಬಲದಿಂದ ಓದಿದಳು. ನಮ್ಮಿಬ್ಬರ ನಡುವಿನ ವ್ಯತ್ಯಾಸ ಇಷ್ಟೇ ಎಂದು ಎಷ್ಟೋ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಬರೆಯಲು ಕುಳಿತಾಗ ಅದೂ ಪೂರ್ತಿ ನಿಜವಲ್ಲ ಅನ್ನಿಸುತ್ತಿದೆ.

ಎರಡು ಸಾವಿರದ ನಂತರದ ಮೊದಲ ದಶಕದ ಮಾತು. ಕಾರವಾರದ ಬಸ್ ಸ್ಟ್ಯಾಂಡಿನ ಹತ್ತಿರ, ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ನಮ್ಮ ಸಣ್ಣ ಕಂಪ್ಯೂಟರ್ ಕಚೇರಿ. ಅದರ ಯಜಮಾನರನ್ನು ನಾವು ಸರ್ ಎನ್ನುತ್ತಿದ್ದೆವು. ಕೆಲಸಕ್ಕೆ ಮೊದಲಿಂದಲೂ ನಾನೊಬ್ಬಳೇ. ಆ ಮಳೆಗಾಲದಲ್ಲಿ ಅವಳು ಸೇರಿದಳು. ನಾನು ಅಂಕೋಲೆಯವಳು, ಧಾರವಾಡದಲ್ಲಿ ಓದಿ ಬಂದವಳು, ವಾರವೆಲ್ಲ ಕಾರವಾರದಲ್ಲೊಂದು ಬಾಡಿಗೆ ಕೋಣೆಯಲ್ಲಿರುತ್ತಿದ್ದೆ. ಅವಳು ಮಾಜಾಳಿಯ ಮೀನುಗಾರರ ಮನೆಯವಳು, ಗೋವಾದಲ್ಲಿ ಕೆಲಸ ಮಾಡಿ ಬಂದವಳು. ನನಗಿಂತ ಚಿಕ್ಕವಳು, ನನ್ನನ್ನು ಅಕ್ಕಾ ಎನ್ನುತ್ತಿದ್ದಳು.

ಅಂಕೋಲೆಯ ದಂಡೆಯಲ್ಲಿ ಮೀನಿನ ವ್ಯಾಪಾರಿಯೊಬ್ಬರ ಶೆಡ್ ಇತ್ತು. ಅದಕ್ಕಾಗಿ ನಾನೊಂದು ಪ್ರೋಗ್ರಾಂ ಬರೆದಿದ್ದೆ. ದೋಣಿಯ ಹೆಸರು, ಮೀನಿನ ಜಾತಿ, ತೂಕ ಹೊಡೆದರೆ ಚೀಟಿ ಅಚ್ಚಾಗಿ ಬರುತ್ತಿತ್ತು. ಅದನ್ನು ನೋಡಿಕೊಳ್ಳಲು ಶನಿವಾರ ಶನಿವಾರ ನಾನು ಅಂಕೋಲೆಗೆ ಹೋಗುತ್ತಿದ್ದೆ. ಶೆಡ್ಡಿನ ಕೆಲಸ ಮುಗಿಸಿ ಹಾಗೇ ಮನೆಗೆ ಹೋಗಬಹುದಿತ್ತು. ಆದರೆ ನನಗೆ ಮನೆಗಿಂತ ಶೆಡ್ಡೇ ಹೆಚ್ಚಾಗಿತ್ತೇನೋ. ಅಲ್ಲಿ ನಾಲ್ಕು ಜನ ಎದ್ದು ನಿಂತು ನನಗೆ ಕುರ್ಚಿ ಕೊಡುತ್ತಿದ್ದರು. ಆ ಶನಿವಾರ ನನ್ನದು ಎಂದುಕೊಂಡಿದ್ದೆ.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬಂದರು ಮತ್ತೆ ತೆರೆದ ಹೊಸತರಲ್ಲಿ ಪ್ರೋಗ್ರಾಂ ಇದ್ದಕ್ಕಿದ್ದಂತೆ ಮುಚ್ಚಿಹೋಗತೊಡಗಿತು. ಚೀಟಿ ಬರೆಯುವ ರೈಟರು ಫೋನ್ ಮಾಡಿದರು.

“ಅಕ್ಕೋರೇ, ನಿಮ್ಮ ಪ್ರೋಗ್ರಾಮು ಇವತ್ತೂ ಮಲ್ಗ್ತು.”

“ನೀವು ಬೇರೆ ಏನಾದ್ರೂ ಒತ್ತಿದ್ರಾ?”

“ನಾ ಎಂತ ಒತ್ತೂದು? ಚಾ ಕುಡೂಕೆ ಹೋದ ಹಾಂಗೆ ತನ್ನಷ್ಟಕ್ಕೆ ಎದ್ದು ಹೋಗ್ತದೆ. ದೋಣಿಯೋರು ನನ್ನ ನೋಡಿ ನಗ್ತ್ರು.”

ಅಲ್ಲಿಯ ಕಂಪ್ಯೂಟರಿನಲ್ಲಿದ್ದ ಡಂಪ್ ಫೈಲನ್ನು ಸಿಡಿಗೆ ಹಾಕಿ ಕಳಿಸಲು ಹೇಳಿದೆ. ಅವರು ಅದನ್ನು ಕಾರವಾರದ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟರು, ನಾನು ಬಸ್ ಸ್ಟ್ಯಾಂಡಿಗೆ ಹೋಗಿ ಇಸಿದುಕೊಂಡೆ.

ಡಂಪ್ ಎಂದರೆ ಪ್ರೋಗ್ರಾಂ ಕೆಟ್ಟು ನಿಂತ ಗಳಿಗೆಯಲ್ಲಿ ಅದರ ಮೆಮೊರಿಯಲ್ಲಿದ್ದುದನ್ನು ಕಂಪ್ಯೂಟರ್ ಒಂದು ಫೈಲಿಗೆ ಸುರಿದಿಡುವುದು. ಡಿಬಗ್ಗರ್ ಎಂಬ ಇನ್ನೊಂದು ಪ್ರೋಗ್ರಾಮಿನಿಂದ ಅದನ್ನು ತೆರೆದರೆ, ಪ್ರೊಸೆಸರ್ ಆಗ ಯಾವ ವಿಳಾಸದಲ್ಲಿತ್ತು, ಯಾವ ಜಾಗದಲ್ಲಿ ಏನಿತ್ತು ಎಂದು ತೋರಿಸುತ್ತದೆ. ನಾವು ಮೊದಲು ನೋಡುವುದು ಸ್ಟ್ಯಾಕ್. ಒಂದು ಕೆಲಸ ಇನ್ನೊಂದನ್ನು ಕರೆದಾಗ, ಮುಗಿದ ಮೇಲೆ ಎಲ್ಲಿಗೆ ಹಿಂತಿರುಗಬೇಕೆಂದು ಆ ವಿಳಾಸವನ್ನು ಅಲ್ಲಿ ಬರೆದಿಡುತ್ತದೆ. ಅದನ್ನು ನಡೆದುದರ ಕಥೆಯೆಂದು ತಿಳಿಯುವವರು ಬಹಳ. ಮುಗಿದ ಕೆಲಸಗಳ ಲೆಕ್ಕ ಅಲ್ಲಿಲ್ಲ, ಮುಗಿಯದೆ ಉಳಿದವು ಮಾತ್ರ ಸಾಲಾಗಿ ಕಾಯುತ್ತಿರುತ್ತವೆ. ನನ್ನ ನೆನಪೂ ಬಹುಶಃ ಹಾಗೆಯೇ. ಅದಕ್ಕೇ ಅದನ್ನು ಅಷ್ಟಾಗಿ ನಂಬುವುದಿಲ್ಲ.

ಡಂಪ್ ತೆರೆದೆ. ಪ್ರೋಗ್ರಾಂ ನಿಂತ ವಿಳಾಸ 42564544. ಆ ವಿಳಾಸದಲ್ಲಿ ಏನೂ ಇರಲಿಲ್ಲ. ಯಾರು ಕರೆದು ಅಲ್ಲಿಗೆ ಹೋಯಿತೆಂದು ಹೇಳಲು ಡಿಬಗ್ಗರಿಗೂ ಆಗಲಿಲ್ಲ. ಒಂದೆರಡು ಅರ್ಥವಿಲ್ಲದ ಸಂಖ್ಯೆ ತೋರಿಸಿ ಸುಮ್ಮನಾಯಿತು. ನಮ್ಮ ಕರಾವಳಿಯಲ್ಲಿ ಏನು ಕೆಟ್ಟರೂ ದೂರಲು ಒಂದು ಉಪ್ಪುಗಾಳಿ ಇದೆ. ಕಿಟಕಿಯ ಸರಳಿನಿಂದ ಹಿಡಿದು ಟಿವಿಯ ತನಕ ತಿಂದು ಹಾಕಿದ ಗಾಳಿ, ಕಂಪ್ಯೂಟರನ್ನು ಬಿಡುತ್ತದೆಯೇ?

“ಉಪ್ಪುಗಾಳಿ ಸರ್. ಅಲ್ಲಿಯ ಮೆಮೊರಿ ಚಿಪ್ಪೇ ಹಾಳಾಗಿದೆ,” ಎಂದೆ.

ಸರ್ ತಲೆಯಾಡಿಸಿದರು. ಅವರೂ ಕಾರವಾರದವರೇ. ಹೊಸ ಚಿಪ್ ತರಿಸಲು ಫೋನ್ ಎತ್ತಿಕೊಂಡರು.

“ಅಕ್ಕಾ, ನಾ ಒಂದ್ಸಲ ನೋಡ್ಲಾ?” ಎಂದಳು ಅವಳು.

“ನೋಡು, ಅದರಲ್ಲೇನದೆ,” ಎಂದೆ. ಕುರ್ಚಿಯಿಂದ ಏಳಲಿಲ್ಲ. ಅವಳು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

“ಅಕ್ಕಾ, ಇದು ವಿಳಾಸ ಅಲ್ಲ, ಅಕ್ಷರ.”

ಕಂಪ್ಯೂಟರಿನೊಳಗೆ ಪ್ರತಿ ಇಂಗ್ಲಿಷ್ ಅಕ್ಷರಕ್ಕೂ ಒಂದು ಸಂಖ್ಯೆ ಇರುತ್ತದೆ. ಪರದೆಯ ಮೇಲೆ ಬೆರಳಿಟ್ಟು, ಸಂಖ್ಯೆಯನ್ನು ಎರಡೆರಡು ಅಂಕಿಯಾಗಿ ಬಲದಿಂದ ಎಡಕ್ಕೆ ಓದಿದಳು. ನಲವತ್ನಾಲ್ಕು ಡಿ, ನಲವತ್ತೈದು ಇ, ಐವತ್ತಾರು ವಿ, ನಲವತ್ತೆರಡು ಬಿ. ಇಂಥ ಪ್ರೊಸೆಸರ್ ಸಂಖ್ಯೆಯ ಕೊನೆಯ ತುದಿಯನ್ನು ಮೊದಲು ಇಡುತ್ತದೆ. ಇದು ನಾನು ಓದಿದ ಪಾಠ. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡ ಪಾಠ. ಅವಳು ಸ್ಟ್ಯಾಕಿನ ಮುಂದಿನ ಜಾಗ ನೋಡಿದಳು. ಅಲ್ಲಿ ಎ, ಜಿ.

“ದೇವಬಾಗ,” ಎಂದಳು. ಕಾರವಾರದ ಪಕ್ಕದ ಮೀನುಗಾರರ ಊರು.

ಸರ್ ಫೋನ್ ಕೆಳಗಿಟ್ಟರು. “ಅಂಕೋಲೆ ಮಷಿನ್ನೊಳಗೆ ದೇವಬಾಗ ಎಂತಕ್ಕೆ ಬಂತೆ?”

ಅವಳು ಅದರ ಹಿಂದಿನ ಮೆಮೊರಿಯನ್ನು ಅಕ್ಷರಗಳಾಗಿ ತೋರಿಸುವಂತೆ ಮಾಡಿದಳು. ಒಬ್ಬ ದೇವಿಯ ಹೆಸರು, ಅದರ ಬೆನ್ನಿಗೆ ಒಂದು ಮನೆತನದ ಹೆಸರು, ಕೊನೆಗೆ ದೇವಬಾಗ. ಇಂಗ್ಲಿಷ್ ಅಕ್ಷರಗಳಲ್ಲಿ, ರೈಟರು ಹೊಡೆದ ಹಾಗೆಯೇ.

“ಒಂದೇ ದೇವಿ ಹೆಸ್ರಿನ ದೋಣಿ ಮೂರು ಇರ್ತದೆ ಸರ್. ಬರೀ ದೇವಿ ಹೆಸ್ರು ಹೇಳಿದ್ರೆ ಯಾರ ದೋಣಿ ಅಂತ ತಿಳೀಬೇಕು? ಮನೆ ಹೆಸ್ರು, ಊರು ಸೇರ್ಸೇ ಹೇಳೂದು. ಈ ವರ್ಷ ದೇವಬಾಗದ್ದು ಒಂದು ಹೊಸ್ದಾಗಿ ಬಂದಿರ್ಬೇಕು.”

ದೋಣಿಯ ಹೆಸರಿಗೆ ನಾನು ಇಟ್ಟ ಜಾಗ ಚಿಕ್ಕದಿತ್ತು. ಹೆಸರು ಅದನ್ನು ದಾಟಿ ಹರಿದು, ಹಿಂತಿರುಗುವ ವಿಳಾಸದ ಮೇಲೆ ಬಂದು ಕೂತಿತ್ತು. ಕೆಲಸ ಮುಗಿಸಿದ ಪ್ರೋಗ್ರಾಂ ವಿಳಾಸವೆಂದು ಅದನ್ನೇ ನಂಬಿ ಹೋಗಿ ಬಿದ್ದಿತ್ತು.

ದೋಣಿಗಳನ್ನು ಹಾಗೆ ಕರೆಯುವುದು ನನಗೂ ಗೊತ್ತಿತ್ತು. ಅದೇ ದಂಡೆಯಲ್ಲಿ ನಿಂತು ನೂರು ಸಲ ಕೇಳಿದ ಮಾತು. ಅಕ್ಷರದ ಸಂಖ್ಯೆಗಳೂ ಗೊತ್ತಿದ್ದವು. ಗೊತ್ತಿಲ್ಲದ ಒಂದು ಸಂಗತಿಯಾದರೂ ಅವಳ ಬಾಯಿಂದ ಬಂದಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ನನ್ನಲ್ಲಿದ್ದ ಎರಡನ್ನೇ ತೆಗೆದು, ನನ್ನ ಕಣ್ಣೆದುರೇ ಜೋಡಿಸಿಬಿಟ್ಟಳು.

ಸರ್ ಜೋರಾಗಿ ನಕ್ಕರು. “ಉಪ್ಪುಗಾಳಿಗೆ ದೇವಬಾಗ ಅಂತ ಬರಿಯೂಕೆ ಬರ್ತದೆ ಅಂತ ಆಯ್ತು.” ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು, “ಇನ್ಮೇಲೆ ಶನಿವಾರ ಇವ್ಳೇ ಹೋಗ್ಲಿ. ನೀ ಆ ಲೈಬ್ರರಿ ಪ್ರೋಗ್ರಾಂ ಮುಗ್ಸು.”

“ಅಕ್ಕನ ಊರು ಸರ್ ಅದು. ಅಕ್ಕನೇ ಹೋಗ್ಲಿ,” ಎಂದಳು ಅವಳು.

“ಊರು ಎಲ್ಲಿಗೆ ಓಡಿ ಹೋಗ್ತದೆ? ಭಾನುವಾರ ಹೋಗ್ತಾಳೆ.”

ನಾನು “ಅಡ್ಡಿಲ್ಲ ಸರ್” ಎಂದೆ. ಹಾಗೆ ಅಂದದ್ದು ಮಾತ್ರ ಖಂಡಿತ ನೆನಪಿದೆ. ಅವಳು ನನ್ನ ಪರವಾಗಿ ಮಾತಾಡಿದ್ದು, ಸರ್ ಶನಿವಾರ ಕಿತ್ತುಕೊಂಡದ್ದಕ್ಕಿಂತ ಹೆಚ್ಚು ಚುಚ್ಚಿತು.

ಆ ಶನಿವಾರ ಅವಳು ಹೆಸರಿನ ಜಾಗ ದೊಡ್ಡದು ಮಾಡಿದ ಪ್ರೋಗ್ರಾಂ ಹಿಡಿದು ಅಂಕೋಲೆಗೆ ಹೋದಳು. ನಾನು ಕಚೇರಿಯಲ್ಲಿ ಒಬ್ಬಳೇ ಕೂತು ಅದೇ ಡಂಪ್ ಮತ್ತೆ ತೆರೆದೆ. ಅವಳಿಗಿಂತ ಹೆಚ್ಚಿನದೇನಾದರೂ ಸಿಗಲಿ ಎಂಬ ಆಸೆ. 42564544 ಈಗ ನನಗೆ ಸಂಖ್ಯೆಯಾಗಿ ಕಾಣಲೇ ಇಲ್ಲ, ನೇರವಾಗಿ ಊರಿನ ಹೆಸರೇ ಕಂಡಿತು. ಎಷ್ಟು ಪ್ರಯತ್ನಿಸಿದರೂ ಮೊದಲ ದಿನ ನೋಡಿದ ಹಾಗೆ ನೋಡಲು ಆಗಲಿಲ್ಲ. ಆ ದಿನ ನನಗೂ ಏನೋ ಹೊಳೆದಿತ್ತು, ಇದು ಅಕ್ಷರವಿರಬಹುದೇ ಎಂದು ಒಂದು ಕ್ಷಣ ಅನ್ನಿಸಿತ್ತು, ಅವಳು ಅವಸರ ಮಾಡದಿದ್ದರೆ ನಾನೇ ಹೇಳುತ್ತಿದ್ದೆ. ಸಂಜೆಯ ಹೊತ್ತಿಗೆ ಇದನ್ನು ನಾನು ಹೆಚ್ಚುಕಡಿಮೆ ನಂಬಿಬಿಟ್ಟಿದ್ದೆ. ಡಂಪಿನ ಒಂದು ಅಂಕಿಯೂ ಬದಲಾಗಿರಲಿಲ್ಲ. ನನ್ನೊಳಗಿನ ಆ ದಿನದ ನೆನಪು ಮಾತ್ರ ನನಗೆ ಬೇಕಾದ ಕಡೆ ವಾಲಿಕೊಂಡಿತ್ತು. ಹಾಗೆ ಹೊಳೆದಿತ್ತೇ ಎಂದು ಈಗ ಕೇಳಿದರೆ, ಗೊತ್ತಿಲ್ಲ.

ಕಚೇರಿ ಮುಚ್ಚುವ ಹೊತ್ತಿಗೆ ಅವಳು ಬಂದಳು, ಕೈಯಲ್ಲಿ ಎರಡು ಪ್ಲಾಸ್ಟಿಕ್ ಚೀಲ.

“ರೈಟರು ಮೀನು ಕೊಟ್ರು ಅಕ್ಕಾ, ನಿಮ್ಗೂ ಒಂದು. ಅಕ್ಕೋರಿಗೆ ಸಿಟ್ಟು ಬಂದದ್ಯಾ, ಯಾಕೆ ಬರ್ಲಿಲ್ಲ ಅಂತ ಕೇಳಿದ್ರು.”

“ನೀ ಎಂತ ಹೇಳ್ದೆ?”

“ಇಲ್ಲಿ ಕೆಲ್ಸ ಅದೆ ಅಂದೆ.”

ಚೀಲ ಬಿಚ್ಚಿ ನೋಡಿದೆ. ನನ್ನದರಲ್ಲಿ ದಿನಾ ಸಿಗುವ ಅಗ್ಗದ ಬಂಗಡೆ, ಅವಳದರಲ್ಲಿ ದುಬಾರಿ ಮೀನು ಇಸ್ವಾಣ, ದಪ್ಪ ದಪ್ಪ ತುಂಡು. ಇಷ್ಟು ಶನಿವಾರ ಹೋದ ನನಗೆ ರೈಟರು ಯಾವತ್ತೂ ಇಸ್ವಾಣ ಕೊಟ್ಟಿರಲಿಲ್ಲ. ನನ್ನ ಮುಖದಲ್ಲಿ ಅವಳಿಗೆ ಏನು ಕಂಡಿತೋ.

“ಯಾವ್ದು ಬೇಕು ತಕೊಳ್ಳಿ ಅಕ್ಕಾ.”

ನಾನು ಇಸ್ವಾಣದ ಚೀಲ ಎತ್ತಿಕೊಂಡೆ.

“ಚೊಲೋ ಆಯ್ತು,” ಎಂದಳು. “ನಮ್ಮನೇಲಿ ಎಲ್ರಿಗೂ ಬಂಗಡೆನೇ ಇಷ್ಟ.”

ಅದು ನಿಜವೋ, ನನಗಾಗಿ ಹೇಳಿದ ಮಾತೋ ತಿಳಿಯಲಿಲ್ಲ. ಇಸ್ವಾಣ ಹಿಡಿದು ಮೆಟ್ಟಿಲಿಳಿಯುವಾಗಲೂ ನನಗೆ ಅವಳ ಬಂಗಡೆಯ ಮೇಲೆ ಹೊಟ್ಟೆಕಿಚ್ಚು.