ಕ್ಯಾಸೆಟ್ಟಿನಲ್ಲಿ ನಕ್ಕವರು

ವೇದಿಕೆಯ ಹಾಸ್ಯ ಕಾರ್ಯಕ್ರಮವೊಂದು ಈಗ ಮನೆಯಲ್ಲೇ ನೋಡಲು ಸಿಗುತ್ತಿದೆ. ನಿನ್ನೆ ಮಗಳು ಹಾಕಿದಳು. ಕ್ಯಾಮೆರಾ ನಗುವ ಪ್ರೇಕ್ಷಕರತ್ತ ತಿರುಗಿದೊಡನೆ ನಾನು ಮನಸ್ಸಿನಲ್ಲಿ ಕ್ಯಾಸೆಟ್ ಕಾಲದ ನಮ್ಮೂರು ಓಡೈಪಟ್ಟಿಯ ಪಡಸಾಲೆಯಲ್ಲಿದ್ದೆ.

ಮಾಮ ಒಂದು ಮದುವೆಯಲ್ಲಿ ಕುಲದ ಹಿರಿಯ ದೊಡ್ಡಗೌಡರ ಹಾಗೆ ಕೆಮ್ಮಿ, ತೀರ್ಪು ಹೇಳಿ ಎಲ್ಲರನ್ನೂ ನಗಿಸಿದ್ದ. ಆ ಮದುವೆಯ ಕ್ಯಾಸೆಟ್ ನೋಡಲು ಗೌಡರೇ ನಮ್ಮ ಮನೆಗೆ ಬಂದರು. ದ್ರಾಕ್ಷಿಗೆ ಮೈಲುತುತ್ತ ಹೊಡೆದ ಬೆರಳುಗಳು ನೀಲಿಯಾಗಿದ್ದವು. ಹೆಗಲ ಮೇಲೆ ಕರಿ ಕಂಬಳಿ. ಅದನ್ನು ಹಾಸಿ ಕೂತರೆ ವಿಚಾರಣೆ ಶುರುವೆಂದು ಅರ್ಥ. ತಪ್ಪಿತಸ್ಥನಿಗೆ ಆಮೇಲೆ ಯಾವ ಮನೆಯಲ್ಲೂ ನೀರು ಸಿಗದು.

ಟಿವಿಯಲ್ಲಿ ನಗುತ್ತಿದ್ದವರೇ ಪಡಸಾಲೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದರು.

"ಸುಮ್ನೆ ವೆಳಾಟ್ಗ, ತಮಾಷೆಗ ಮಾಡ್ದೆ, ಗೌಡ್ರೆ," ಎಂದ ಮಾಮ.

"ಚೆಂದಾಗೇ ಮಾಡಿದೀಯಪ್ಪಾ. ಹಿಂದಕ್ಕ ಓಡ್ಸು. ನಕ್ಕೋರ್ ಮೊಕ ನೋಡ್ಬೇಕು."

ಅಪ್ಪನ ಮುಖ ಬಂದಾಗ ಗೌಡರು ಚಿತ್ರ ನಿಲ್ಲಿಸಿದರು. "ಏನ್ ಮಾಪ್ಳೆ, ನಗು ಬಂತಾ?" ಎಂದು ಅಳಿಯನನ್ನು ಕರೆವ ಸಲಿಗೆಯಲ್ಲಿ ಕೇಳಿದರು.

ತೆರೆಯ ಮೇಲೆ ಅಪ್ಪ ಬಾಯ್ತುಂಬ ನಗುತ್ತಿದ್ದರು. "ಇಲ್ಲ, ನಂಗ ಕೋಪ ಬಂದಿತ್ತು," ಎಂದರು.

"ಹಂಗಾದ್ರ ಇಲ್ಲಿ ಬಾ." ಗೌಡರು ಕಂಬಳಿ ಹಾಸಿ ತಮ್ಮ ಪಕ್ಕದಲ್ಲಿ ಜಾಗ ಬಿಟ್ಟರು. ಅಪ್ಪ ಮಾಮನತ್ತ ನೋಡದೆ ಹೋಗಿ ಕೂತರು. ಆ ವಾರವೇ ಮಾಮ ಊರು ಬಿಟ್ಟ.

ನಿನ್ನೆ ಮಗಳು ಬಿದ್ದು ಬಿದ್ದು ನಗುತ್ತಿದ್ದಳು. ಜೊತೆಗೆ ಕೂತಿದ್ದ ನನ್ನ ಅಪ್ಪ ಮಾತ್ರ ನಗುವ ಮೊದಲು ನನ್ನನ್ನು ಕೇಳಿದರು: "ಇವ ಯಾರ್ನ ಅಣಕಿಸ್ತಿದಾನ?"