ಮೇಘನಾಳ ಮ್ಯೂಸಿಯಮ್ಮಿಗೆ ಅತ್ತೆಯೊಡನೆ

ಮಧ್ಯಾಹ್ನ ಮಂಗಳೂರಿನಲ್ಲಿ ಹತ್ತಿದ ರೈಲು ಬೆಳಕು ಹರಿಯುವಾಗ ನಮ್ಮನ್ನು ಚೆನ್ನೈ ಸೆಂಟ್ರಲ್‌ನಲ್ಲಿ ಇಳಿಸಿತು. ನಾನು, ನನ್ನ ಅತ್ತೆ, ಒಂದು ಚೀಲ ಕುಚ್ಚಲಕ್ಕಿ. ಆಟೋದವನು ಇನ್ನೂರೈವತ್ತು ಕೇಳಿ ನೂರೈವತ್ತಕ್ಕೆ ಒಪ್ಪಿದ. ಪುರಸೈವಾಕ್ಕಂನಲ್ಲಿ ಮೈದುನನ ಹೋಟೆಲು, ಮಹಡಿಯಲ್ಲಿ ಮನೆ. ಬೆಳಗಿನ ಇಡ್ಲಿ ತಿನ್ನುವಷ್ಟರಲ್ಲೇ ಸೆರಗು ಒದ್ದೆಯಾಗುವಷ್ಟು ಸೆಕೆ.

ನಾವು ಬಂದದ್ದು ಒಂದು ತೀರ್ಮಾನಕ್ಕಾಗಿ. ಮೈದುನನ ಮಗಳು ಮೇಘನಾ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಹಾವುಗಳ ಮೇಲೆಯೇ ಸಂಶೋಧನೆ ಮಾಡುತ್ತೇನೆಂದು ಹಟ ಹಿಡಿದಿದ್ದಳು. ಊರಲ್ಲಿ ನಾಗಬನವಿರುವ ಮನೆತನಕ್ಕೆ ಇದು ಸಣ್ಣ ಮಾತಲ್ಲ. ದಾರಿಯಲ್ಲಿ ಸತ್ತ ನಾಗರಹಾವು ಕಂಡರೂ ಮನುಷ್ಯರಿಗೆ ಮಾಡುವ ಹಾಗೆ ಸಂಸ್ಕಾರ ಮಾಡಿಸುವವರು ನಾವು. “ಅಜ್ಜಿ ಹೂಂ ಅಂದ್ರೆ ಸೇರು, ಇಲ್ಲದಿದ್ರೆ ಬೇಡ” ಎಂದು ಮೈದುನ ಕೈ ತೊಳೆದುಕೊಂಡಿದ್ದ. ಅಜ್ಜಿ ಒಮ್ಮೆ ಕಣ್ಣಾರೆ ನೋಡಲಿ ಎಂದು ಅವಳೇ ತನ್ನ ವಿಶ್ವವಿದ್ಯಾಲಯದಲ್ಲಿ ತಾನು ಸಹಾಯಕ್ಕೆ ಹೋಗುವ ಮ್ಯೂಸಿಯಮ್ಮಿಗೆ ಕರೆದಿದ್ದಳು.

ಬಸ್ಸಿನಲ್ಲಿ ಹೊರಟೆವು. ಇಲ್ಲಿ ಹೆಂಗಸರಿಗೆ ಟಿಕೆಟಿಗೆ ದುಡ್ಡಿಲ್ಲ ಎಂದು ಮೇಘನಾ ಹೇಳಿದಾಗ ಅತ್ತೆ, “ನಮ್ಮಲ್ಲೂ ಹಾಂಗೇ ಅಲ್ದಾ” ಎಂದು ಊರಿನ ಮಾನ ಉಳಿಸಿದರು.

ಮ್ಯೂಸಿಯಂ ಎಂದರೆ ಉದ್ದನೆಯ ಒಂದು ಹಾಲು, ಹಳೆಯ ಮರದ ಕಪಾಟುಗಳು, ಮೂಗಿಗೆ ಅಡರುವ ಔಷಧದ ವಾಸನೆ. ಬಾಗಿಲಲ್ಲೇ ತಿಮಿಂಗಿಲದ ದವಡೆ. ಅದರ ಕೆಳಗೆ ನಾವು ಮೂವರೂ ನಿಲ್ಲಬಹುದಿತ್ತು. ಕವಡೆಗಳ ಸಾಲು ನೋಡಿ ಅತ್ತೆ, “ನಮ್ಮನಿ ಕವಡೆ ಇದಕ್ಕಿಂತ ದೊಡ್ಡದ್” ಎಂದರು. ಎರಡು ತಲೆಯ ಕರುವಿನ ಮುಂದೆ ಮಾತ್ರ, “ಪಾಪ, ತಾಯಿಗೆ ಹೇಂಗಾಯ್ತೋ” ಎಂದು ನಿಂತೇಬಿಟ್ಟರು. ಹುಲ್ಲು ತುಂಬಿದ ಮಂಗಟ್ಟೆ ಹಕ್ಕಿಯ ಕೊಕ್ಕಿನ ಹಳದಿ ಇನ್ನೂ ಮಾಸಿರಲಿಲ್ಲ.

ಹಾವಿನ ಭರಣಿಗಳ ಕಡೆ ಬಂದಾಗ ಮೇಘನಾ ಹೆಜ್ಜೆ ಬಿರುಸಾಗಿ ಹಾಕತೊಡಗಿದಳು. ಕೊನೆಯ ಕಪಾಟಿನಲ್ಲಿ ಒಂದು ಭರಣಿಗೆ ಮಾತ್ರ ಹಳದಿ ಬಟ್ಟೆ ಹೊದಿಸಿತ್ತು.

“ಇದ್ ಯಾವ ದೇವ್ರ್?” ಎಂದ ಅತ್ತೆ, ಉತ್ತರಕ್ಕೂ ಕಾಯದೆ ನನ್ನ ಮುಡಿಯ ಮಲ್ಲಿಗೆಯಿಂದ ಒಂದು ತುಂಡು ಹರಿದು ಅದರ ಮೇಲಿಟ್ಟು ಕೈಮುಗಿದರು. ಹೂವಿನೊಂದಿಗೆ ಬಟ್ಟೆಯೂ ಜಾರಿತು. ಒಳಗೆ, ಬಣ್ಣ ಕಳೆದುಕೊಂಡ ನಾಗರಹಾವು.

ಗಾಬರಿಗೆ ಮೇಘನಾಳ ಬಾಯಲ್ಲಿ ತಮಿಳೇ ಬಂತು. “ನೀಂಗ ಪಾಕ್ಕಕ್ಕೂಡಾದುನ್ನು ದಾನ್ ಮೂಡಿ ವೆಚ್ಚೇನ್, ಅಜ್ಜಿ!” ಅಜ್ಜಿ ನೋಡಬಾರದೆಂದೇ ಮುಚ್ಚಿಟ್ಟಿದ್ದಳಂತೆ.

“ಸಂಸ್ಕಾರ ಆಯ್ತಾ ಇದಕ್ಕೆ?”

“ಇಲ್ಲ ಅಜ್ಜಿ. ತುಂಬ ಹಳೇದು.”

“ಮತ್ತೆ ನೋಡ್ಕಂಬ್ದ್ ಯಾರ್?”

“ನಾನೇ. ಲಿಕ್ವಿಡ್ ಕಡಿಮೆ ಆದ್ರೆ ತುಂಬಿಸ್ತೇನೆ, ಗ್ಲಾಸ್ ಒರೆಸ್ತೇನೆ. ಒಣಗಿದ್ರೆ ಹಾಳಾಗಿಬಿಡುತ್ತೆ.”

ಅತ್ತೆ ಸರಸರನೆ ಹೊರಗೆ ನಡೆದರು. ದಾರಿಯಲ್ಲಿ ಕೊಡಿಸಿದ ಎಳನೀರನ್ನೂ ಮುಟ್ಟಲಿಲ್ಲ; ಹಾಗೇ ಮನೆಗೆ ಕಟ್ಟಿಸಿಕೊಂಡೆ. “ಮುಡಿಂಜಿದು, ದೊಡ್ಡಮ್ಮ. ಎಲ್ಲಾ ಮುಗೀತು” ಎಂದು ಮೇಘನಾ ನನ್ನ ಕೈ ಹಿಡಿದುಕೊಂಡಳು.

ಮನೆಗೆ ಬಂದವರೇ ಅತ್ತೆ ನೇರ ಬಚ್ಚಲಿಗೆ ಹೋಗಿ ತಲೆಗೆ ಮಿಂದರು. ಒದ್ದೆ ಕೂದಲಲ್ಲಿ ಹೊರಬಂದು ನೋಡುತ್ತಾರೆ, ಮೇಘನಾ ಮುಖ ಊದಿಸಿಕೊಂಡು ಸೋಫಾದಲ್ಲಿದ್ದಾಳೆ.

“ಏ ಹೆಣೆ, ಹಾಂಗೇ ಕೂತ್ಯಲ್ಲ! ತಲೆಗೆ ಮಿಂದ್ಕಂಡ್ ಬಾ. ಇನ್ನ್ ದಿನಾ ಅಲ್ಲಿಂದ ಬಂದ್ಕೂಡ್ಲೆ ಮಿಂದೇ ಅಡಿಗೆಮನಿಗೆ ಬರ್ಕ್.”

ಮೇಘನಾ ಎದ್ದು ನಿಂತಳು. “ದಿನಾನಾ ಅಜ್ಜಿ?”

“ದಿನಾ ಹೋಪ್ದಾದ್ರೆ ದಿನಾ. ಹಿಡ್ದ್ ಸೇವೆ ನಡುವಲ್ಲಿ ಬಿಟ್ರೆ ಅದೇ ದೊಡ್ಡ ದೋಷ.”

ಎಳನೀರನ್ನು ಆಮೇಲೆ ಲೋಟಕ್ಕೆ ಬಗ್ಗಿಸಿ ಕುಡಿದರು.

ಮರುದಿನ ಸಂಜೆ ಸೆಂಟ್ರಲ್‌ಗೆ ಮೇಘನಾ ತಡವಾಗಿ ಓಡಿಬಂದಳು. ಮ್ಯೂಸಿಯಮ್ಮಿನಿಂದ ಮನೆಗೆ ಹೋಗಿ ಬಂದದ್ದಂತೆ. ಜಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ರೈಲು ಹೊರಟಿತು. ಪ್ಲಾಟ್‌ಫಾರಂ ಹಿಂದೆ ಸರಿಯುತ್ತಿದ್ದರೂ ಅತ್ತೆ ಕಿಟಕಿಯ ಸರಳಿಗೆ ಮುಖವಿಟ್ಟು ಕೂಗುತ್ತಲೇ ಇದ್ದರು: “ತಲಿ ಒರ್ಸ್ಕೋ ಹೆಣೆ, ಶೀತ ಆತ್!”